ಪದ ಪರಿಚಯ: ಶಾಸನತಜ್ಞ ಅಂದರೆ ಯಾರು, ಆಗುವುದು ಹೇಗೆ?

ಊರಿನ ಹೊಲದಲ್ಲೋ ಕೆರೆ ಏರಿಯ ಮೇಲೋ ಒಂದು ಬರಹದ ಕಲ್ಲು ಸಿಕ್ಕಿತು ಅಂದುಕೊಳ್ಳಿ. ಮಾರನೇ ದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಸುದ್ದಿಯ ಕೊನೆಯಲ್ಲಿ 'ಇದು ಹೊಯ್ಸಳರ ಕಾಲದ ದಾನಶಾಸನ ಎಂದು ಶಾಸನತಜ್ಞರು ತಿಳಿಸಿದ್ದಾರೆ' ಎಂಬ ಸಾಲು ಇರುತ್ತದೆ. ಆ ತಜ್ಞರು ಯಾರು, ಏನು ಓದಿಕೊಂಡವರು, ಅವರಿಗೆ ಸಂಬಳ ಕೊಡುವವರು ಯಾರು ಅನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಇತಿಹಾಸವನ್ನೋ ಕನ್ನಡವನ್ನೋ ಎಂ.ಎ. ಮಾಡುತ್ತಿರುವ ವಿದ್ಯಾರ್ಥಿಗಳಿಗೂ ಗೊತ್ತಿರುವುದಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ. ಪ್ರಾಚೀನ ಇತಿಹಾಸದಲ್ಲಿ ಕನ್ನಡ ಬಲ್ಲವರಿಗೇ ಅಂತ ತೆರೆದಿರುವ ಬಾಗಿಲು ಇದು.

ಶಾಸನತಜ್ಞ ಅಂದರೆ ಎಪಿಗ್ರಾಫಿಸ್ಟ್. ಕಲ್ಲು, ತಾಮ್ರಪಟ, ಗೋಡೆ, ಕಂಬ, ಗಂಟೆ, ವಿಗ್ರಹದ ಪೀಠ ಇಂಥ ಗಟ್ಟಿ ವಸ್ತುಗಳ ಮೇಲೆ ಕೊರೆದ ಬರಹವನ್ನು ಓದಿ, ಅದರ ಪಾಠ ಸಿದ್ಧ ಮಾಡಿ, ಕಾಲ ನಿರ್ಧರಿಸಿ, ಅರ್ಥ ಬಿಡಿಸಿ ಪ್ರಕಟಿಸುವವರು. ತಾಳೆಗರಿ, ಕಾಗದದ ಹಸ್ತಪ್ರತಿ ಓದುವವರದು ಬೇರೆ ಕಸುಬು. ಹಳೆ ಲಿಪಿ ಓದಲು ಬಂದರೆ ಶಾಸನತಜ್ಞರಾದ ಹಾಗೆ ಎಂದು ತುಂಬಾ ಜನ ತಿಳಿದಿದ್ದಾರೆ. ಲಿಪಿ ಬೇಕೇ ಬೇಕು, ನಿಜ. ಆದರೆ ಅಲ್ಲಿಗೆ ಕೆಲಸ ಶುರುವಾಗುತ್ತದೆ ಅಷ್ಟೇ.

ಮೊದಲ ಹೆಜ್ಜೆ ಪಡಿಯಚ್ಚು. ಕಲ್ಲಿನ ಮುಂದೆ ಕೂತು ನೇರವಾಗಿ ಓದುವುದು ಕಷ್ಟ. ಬಿಸಿಲಿನ ದಿಕ್ಕು ಬದಲಾದ ಹಾಗೆ ಅಕ್ಷರವೂ ಬದಲಾದಂತೆ ಕಾಣುತ್ತದೆ. ಅದಕ್ಕೇ ಅಚ್ಚು ತೆಗೆಯುತ್ತಾರೆ. ಕಲ್ಲನ್ನು ನೀರು ಹಾಕಿ ಬ್ರಷ್‌ನಿಂದ ಉಜ್ಜಿ, ಸಂದುಗಳಲ್ಲಿರುವ ಮಣ್ಣು, ಪಾಚಿ ತೆಗೆಯಬೇಕು. ಆಮೇಲೆ ನೆನೆಸಿದ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಗಾಳಿಗುಳ್ಳೆ ಉಳಿಯದ ಹಾಗೆ ಒತ್ತಬೇಕು. ದಪ್ಪ ಬಿರುಗೂದಲಿನ ಬ್ರಷ್ ಹಿಡಿದು ಕಾಗದದ ಮೇಲೆ ಬಡಿಯುತ್ತಾ ಹೋದರೆ ಅದು ಅಕ್ಷರಗಳ ಗುಳಿಯೊಳಗೆ ಇಳಿಯುತ್ತದೆ. ಜೋರಾಗಿ ಬಡಿದರೆ ಹರಿಯುತ್ತದೆ, ಮೆಲ್ಲಗೆ ಬಡಿದರೆ ಅಕ್ಷರ ಮೂಡುವುದಿಲ್ಲ. ಕಾಗದ ಸ್ವಲ್ಪ ಒಣಗಿದ ಮೇಲೆ, ಬಟ್ಟೆಯ ಉಂಡೆಗೆ ಕಪ್ಪು ಶಾಯಿ ಹಚ್ಚಿಕೊಂಡು ಮೇಲಿಂದ ಮೇಲೆ ತಟ್ಟುತ್ತಾರೆ. ಉಬ್ಬಿರುವ ಕಡೆ ಕಪ್ಪು ಹಿಡಿಯುತ್ತದೆ, ಗುಳಿಯೊಳಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಹುಷಾರಾಗಿ ಬಿಡಿಸಿಕೊಂಡು ಊರು, ಜಾಗ, ದಿನಾಂಕ ಬರೆದಿಡಬೇಕು. ಇದನ್ನು ಮರೆತರೆ ಮುಂದೆ ಯಾವ ಕಲ್ಲಿನ ಅಚ್ಚು ಅನ್ನುವುದೇ ತಿಳಿಯುವುದಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತುಂಬುವುದು, ಜೀರ್ಣೋದ್ಧಾರದ ಹೆಸರಲ್ಲಿ ಶಾಸನದ ಕಲ್ಲಿಗೆ ಆಯಿಲ್ ಪೇಂಟ್ ಬಳಿಯುವುದು ದಯವಿಟ್ಟು ಬೇಡ. ಪೇಂಟು ಗುಳಿಯಲ್ಲಿ ಕೂತರೆ ಮುಂದಿನ ಅಚ್ಚು ಸರಿಯಾಗಿ ಬರುವುದಿಲ್ಲ. ಸಾವಿರ ವರ್ಷ ಮಳೆ ಬಿಸಿಲು ತಡೆದ ಅಕ್ಷರ ಒಂದು ಡಬ್ಬ ಬಣ್ಣಕ್ಕೆ ಹೋಗಿಬಿಡುತ್ತದೆ.

ಅಚ್ಚು ಕೈಗೆ ಬಂದ ಮೇಲೆ ಓದು. ಶಾಸನದಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಸಾಲು ಪದದ ಮಧ್ಯದಲ್ಲೇ ಮುರಿಯುತ್ತದೆ. ಕೆಲವು ಕಾಲದ ಲಿಪಿಯಲ್ಲಿ ಪ, ವ, ಮ, ಚ ಒಂದಕ್ಕೊಂದು ತುಂಬಾ ಹತ್ತಿರ. ಆಗ ಯಾವ ಅಕ್ಷರ ಎಂದು ಕಣ್ಣು ಹೇಳುವುದಿಲ್ಲ, ಭಾಷೆ ಹೇಳಬೇಕು. ಆ ಜಾಗದಲ್ಲಿ ಯಾವ ಪದ ಬರಬಹುದು, ಯಾವ ವಿಭಕ್ತಿ ಸಾಧ್ಯ ಅನ್ನುವುದು ಹಳಗನ್ನಡ ಗೊತ್ತಿದ್ದವರಿಗೆ ಮಾತ್ರ ಹೊಳೆಯುತ್ತದೆ. ಶುರುವಿನ ಮಂಗಳಶ್ಲೋಕ, ಕೊನೆಯ ಶಾಪದ ಶ್ಲೋಕ ಸಂಸ್ಕೃತದಲ್ಲಿರುವುದು ಜಾಸ್ತಿ. ಹಾಗಾಗಿ ಸಂಸ್ಕೃತವೂ ಬೇಕು. ಮತ್ತರು, ಕಮ್ಮ, ಖಂಡುಗ, ಗದ್ಯಾಣ, ಪಣ ಅಂತ ಅಳತೆ, ನಾಣ್ಯಗಳ ಲೆಕ್ಕವೂ ಗೊತ್ತಿರಬೇಕು.

ನನಗೆ ತುಂಬಾ ಇಷ್ಟವಾಗುವ ಕೆಲಸ ಕಾಲ ನಿರ್ಧಾರ. ಬಾದಾಮಿಯ ಬಂಡೆಯ ಮೇಲಿರುವ ಒಂದನೇ ಪುಲಕೇಶಿಯ ಶಾಸನದಲ್ಲಿ ಶಕವರ್ಷ 465 ಎಂದಿದೆ. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 543. ಎಲ್ಲವೂ ಇಷ್ಟು ಸಲೀಸಾಗಿದ್ದರೆ ತಜ್ಞರೇ ಬೇಕಿರಲಿಲ್ಲ, ಅಲ್ವಾ? ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ. ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗರ ಬೂತುಗ ಇವರ ಕಾಲದ್ದು. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಹೋರಾಡಿದ ಮಣಲೇರ ಎಂಬ ವೀರ ತನ್ನ ಒಡೆಯ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆಯುತ್ತಾನೆ. ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸಾಯುತ್ತವೆ. ನಾಯಿಗಾಗಿ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಡುತ್ತಾರೆ. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟಲಿ ಎಂದೂ ಬರೆಸಿದ್ದಾರೆ.

ಈ ಶಾಸನದ ಕಾಲ ಶಕ 872, ಸೌಮ್ಯ ಸಂವತ್ಸರ. 78 ಕೂಡಿಸಿದರೆ 950 ಬರುತ್ತದೆ. ಆದರೆ ಅರವತ್ತು ಸಂವತ್ಸರಗಳ ಚಕ್ರದಲ್ಲಿ ಹಿಂದಕ್ಕೆ ಎಣಿಸುತ್ತಾ ಹೋದರೆ ಸೌಮ್ಯ ಬೀಳುವುದು 949-50ರಲ್ಲಿ. ಎರಡೂ ಯಾಕೆ ಹೊಂದುತ್ತಿಲ್ಲ? ಕಲ್ಲಿನ ಮೇಲಿರುವುದು '872ನೆಯ' ವರ್ಷ, ಅಂದರೆ ಆಗ ನಡೆಯುತ್ತಿದ್ದ ವರ್ಷ. ಕಳೆದುಹೋದ ವರ್ಷಗಳು 871. 871ಕ್ಕೆ 78 ಕೂಡಿಸಿದರೆ 949 ಸರಿಯಾಗಿ ಬರುತ್ತದೆ. ಶಕವರ್ಷವನ್ನು ಕೆಲವು ಶಾಸನಗಳು ಕಳೆದ ವರ್ಷದ ಲೆಕ್ಕದಲ್ಲೂ ಕೆಲವು ನಡೆಯುವ ವರ್ಷದ ಲೆಕ್ಕದಲ್ಲೂ ಹೇಳುತ್ತವೆ. ಯಾವುದು ಎಂದು ತೀರ್ಮಾನಿಸಲು ಸಂವತ್ಸರ, ತಿಥಿ, ವಾರ, ಗ್ರಹಣ ಎಲ್ಲವನ್ನೂ ತಾಳೆ ನೋಡಬೇಕು. ಈ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋಗಿ ನೋಡಿ. ಹಂದಿ ನಾಯಿಯ ಕಾಳಗವನ್ನೂ ಕೆತ್ತಿದ್ದಾರೆ.

ವರ್ಷವೇ ಬರೆದಿರದ ಶಾಸನಗಳೂ ಇವೆ. ಹಲ್ಮಿಡಿ ಶಾಸನ ಅಂಥದ್ದು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಬೇಲೂರು ತಾಲ್ಲೂಕಿನ ಈ 16 ಸಾಲಿನ ಬರಹದಲ್ಲಿ ಇಸವಿ ಇಲ್ಲ. ಅಕ್ಷರದ ರೂಪ, ಭಾಷೆ, ಕದಂಬ ಕಕುಸ್ಥನ ಹೆಸರು ಇವುಗಳನ್ನು ಇಟ್ಟುಕೊಂಡೇ ಕಾಲ ಹೇಳಬೇಕು. ಊರಿನ ಹೆಸರು ಅಲ್ಲಿ 'ಪಲ್ಮಿಡಿ' ಎಂದಿದೆ. ಪಕಾರ ಹಕಾರವಾಗುವುದಕ್ಕೆ ಎಷ್ಟೋ ಹಿಂದಿನ ಕನ್ನಡ ಅದು. ಹೆಚ್ಚಿನ ವಿದ್ವಾಂಸರು ಕ್ರಿ.ಶ. 450ರ ಸುಮಾರು ಎನ್ನುತ್ತಾರೆ, ಕೆಲವರು ಇನ್ನೂ ಈಚೆಗೆ ತರುತ್ತಾರೆ. ಒಂದೇ ಕಲ್ಲನ್ನು ಓದಿದ ದೊಡ್ಡವರ ನಡುವೆಯೇ ಇಷ್ಟು ಚರ್ಚೆ ಇದೆ. ಕೂಟಶಾಸನ, ಅಂದರೆ ನಕಲಿ ಶಾಸನ ಪತ್ತೆ ಮಾಡುವುದಂತೂ ಇನ್ನೂ ಸೂಕ್ಷ್ಮದ ಕೆಲಸ. ಗಂಗರ ಹಲವು ತಾಮ್ರಪಟಗಳು ನಕಲಿ ಎಂದು ಬ್ರಿಟಿಷ್ ಶಾಸನತಜ್ಞ ಜೆ.ಎಫ್. ಫ್ಲೀಟ್ ಹೇಳಿದ್ದು, ಬಿ.ಎಲ್. ರೈಸ್ ಅದನ್ನು ಒಪ್ಪದೇ ಇದ್ದದ್ದು ಈ ವಿದ್ಯೆಯ ಹಳೆಯ ಜಗಳ.

ರೈಸ್ ಹೆಸರು ಬಂದ ಮೇಲೆ 'ಎಪಿಗ್ರಾಫಿಯಾ ಕರ್ನಾಟಿಕಾ' ಬಗ್ಗೆ ಹೇಳಲೇಬೇಕು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್, ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಜಿಲ್ಲೆವಾರು, ತಾಲ್ಲೂಕುವಾರು ಜೋಡಿಸಿ 1886ರಿಂದ 12 ಸಂಪುಟಗಳಲ್ಲಿ ತಂದರು. ಅದರ ಹಿಂದೆ ಊರೂರು ತಿರುಗಿ ಪ್ರತಿ ಮಾಡಿದ ಪಂಡಿತರ ದೊಡ್ಡ ದುಡಿಮೆ ಇದೆ. ಅವರ ಹೆಸರನ್ನು ನಾವು ಇನ್ನೂ ಜಾಸ್ತಿ ನೆನೆಯಬೇಕಿತ್ತು. ರೈಸ್ ನಂತರ ಆರ್. ನರಸಿಂಹಾಚಾರ್ಯರು, ಎಂ.ಎಚ್. ಕೃಷ್ಣ ಕೆಲಸ ಮುಂದುವರಿಸಿದರು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ತರುತ್ತಾ ಬಂದಿದೆ.

ಇದು ನಮ್ಮಲ್ಲಿ ಮಾತ್ರ ಇರುವ ವಿದ್ಯೆ ಅಲ್ಲ. ಯುರೋಪಿನಲ್ಲಿ ಗ್ರೀಕ್, ಲ್ಯಾಟಿನ್ ಓದಿಸುವ ಕ್ಲಾಸಿಕ್ಸ್ ವಿಭಾಗಗಳಲ್ಲಿ ಎಪಿಗ್ರಾಫಿಸ್ಟ್‌ಗಳು ಇದ್ದೇ ಇರುತ್ತಾರೆ. ಲ್ಯಾಟಿನ್ ಶಾಸನಗಳ ಮಹಾಸಂಪುಟದ ಯೋಜನೆಯನ್ನು 1853ರಲ್ಲಿ ಬರ್ಲಿನ್‌ನಲ್ಲಿ ಶುರು ಮಾಡಿದ ಥಿಯೋಡರ್ ಮಾಮ್ಸೆನ್ ಮುಂದೆ 1902ರಲ್ಲಿ ಸಾಹಿತ್ಯದ ನೊಬೆಲ್ ಪಡೆದರು. ಆ ಯೋಜನೆ ಇವತ್ತಿಗೂ ಮುಗಿದಿಲ್ಲ.

ಈಗ ನೌಕರಿಯ ಮಾತು. ಭಾರತದಲ್ಲಿ ಶಾಸನತಜ್ಞ ಎಂಬ ಹೆಸರಿನಲ್ಲೇ ಹುದ್ದೆ ಇರುವ ಮುಖ್ಯ ಜಾಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆ. ಊಟಿಯಲ್ಲಿದ್ದ ಅದರ ಕಚೇರಿ 1966ರಲ್ಲಿ ಮೈಸೂರಿಗೆ ಬಂತು. ದೇಶದ ನಾನಾ ಕಡೆಯ ಪಡಿಯಚ್ಚುಗಳು ಅಲ್ಲಿವೆ. ಅರಬ್ಬಿ, ಪಾರ್ಸಿ ಶಾಸನಗಳ ಶಾಖೆ ನಾಗಪುರದಲ್ಲಿದೆ. ಇಲ್ಲಿಯ ಹುದ್ದೆಗಳು ಭಾಷೆಯ ಮೇಲೆ ಹಂಚಿಕೆಯಾಗಿರುತ್ತವೆ: ಸಂಸ್ಕೃತ ಶಾಸನಗಳಿಗೆ ಬೇರೆ, ದ್ರಾವಿಡ ಭಾಷೆಗಳ ಶಾಸನಗಳಿಗೆ ಬೇರೆ. ಮೇಲಿನ ಹುದ್ದೆಗಳಿಗೆ ಯುಪಿಎಸ್‌ಸಿ ಮೂಲಕ ನೇಮಕ. ಅರ್ಜಿ ಕರೆಯುವುದು ಅಪರೂಪ, ಕರೆದಾಗ ಹುದ್ದೆ ಬೆರಳೆಣಿಕೆ. ಆದ್ದರಿಂದ ಯುಪಿಎಸ್‌ಸಿ ಪ್ರಕಟಣೆಗಳ ಮೇಲೆ ಒಂದು ಕಣ್ಣು ಇಟ್ಟಿರಬೇಕು.

ಎರಡನೆಯದು ಅಧ್ಯಾಪನ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ ವಿಭಾಗ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಇದೇ ಬಗೆಯ ವಿಭಾಗ ಇವೆ. ಕನ್ನಡ ವಿಭಾಗದಿಂದ ಬಂದು ಈ ಕ್ಷೇತ್ರದಲ್ಲಿ ದೊಡ್ಡ ಕೆಲಸ ಮಾಡಿದವರು ಕಡಿಮೆ ಏನಿಲ್ಲ. ಎಂ. ಚಿದಾನಂದಮೂರ್ತಿ ಅವರ ಪಿಎಚ್.ಡಿ. ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದ ಮೇಲೆಯೇ. ಎಂ.ಎಂ. ಕಲಬುರ್ಗಿ ಅವರೂ ಕನ್ನಡದ ಮೇಷ್ಟ್ರೇ. ಅಧ್ಯಾಪಕರಾಗಲು ಬರೆಯುವ ನೆಟ್ ಅರ್ಹತಾ ಪರೀಕ್ಷೆಯಲ್ಲಿ ಶಾಸನಶಾಸ್ತ್ರ ಅಂತ ಪ್ರತ್ಯೇಕ ವಿಷಯ ಇಲ್ಲ. ಇತಿಹಾಸ, ಪುರಾತತ್ವ ಅಥವಾ ಕನ್ನಡ ತೆಗೆದುಕೊಂಡು ಬರೆಯಬೇಕು. ಅದರಲ್ಲೇ ಜೆಆರ್‌ಎಫ್, ಅಂದರೆ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. ಊರೂರು ತಿರುಗಿ ಅಚ್ಚು ತೆಗೆಯುವ ವಿದ್ಯಾರ್ಥಿಗೆ ಈ ಹಣ ದೊಡ್ಡ ಆಸರೆ.

ಸಿಹಿ ಮಾತು ಹೇಳಿ ಯಾರನ್ನೂ ದಾರಿ ತಪ್ಪಿಸಬಾರದು. ಪಿಎಚ್.ಡಿ. ಮುಗಿಸಿದ ಮೇಲೆ ಅತಿಥಿ ಉಪನ್ಯಾಸಕರಾಗಿಯೇ ವರ್ಷಗಟ್ಟಲೆ ಉಳಿದವರು ತುಂಬಾ ಇದ್ದಾರೆ. ಖಾಯಂ ಹುದ್ದೆಗಳ ನೇಮಕಾತಿ ನಿಧಾನ. ಇದು ನೋವಿನ ಸಂಗತಿ, ಯಾಕೆಂದರೆ ಮಾಡಬೇಕಾದ ಕೆಲಸ ರಾಶಿ ಬಿದ್ದಿದೆ. ರಸ್ತೆ ಅಗಲ ಮಾಡುವಾಗ, ಮನೆ ಪಾಯ ತೆಗೆಯುವಾಗ ಇವತ್ತಿಗೂ ಹೊಸ ಶಾಸನ ಸಿಗುತ್ತವೆ. ಹಳೆಯ ಸಂಪುಟಗಳಲ್ಲಿ ಅಚ್ಚಾದ ಪಾಠಗಳನ್ನು ಕಲ್ಲಿನ ಜೊತೆ ಮತ್ತೆ ಹೋಲಿಸಿ ತಿದ್ದಬೇಕು. ಅದಕ್ಕೇ ನನ್ನ ಸಲಹೆ: ಶಾಸನ ಒಂದನ್ನೇ ನಂಬಿಕೊಳ್ಳದೆ ಕನ್ನಡ ಅಥವಾ ಇತಿಹಾಸ ಅಧ್ಯಾಪನಕ್ಕೆ ಬೇಕಾದ ಅರ್ಹತೆ ಗಟ್ಟಿ ಮಾಡಿಕೊಂಡು, ಅದರ ಜೊತೆಗೆ ಈ ವಿದ್ಯೆ ಕಲಿಯಿರಿ.

ಇತ್ತೀಚೆಗೆ ಮೂರನೆಯ ಬಗೆಯ ಕೆಲಸವೂ ಹುಟ್ಟಿಕೊಂಡಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನದ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುವ ಯೋಜನೆ ನಡೆಸುತ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರವನ್ನು ಸ್ಕ್ಯಾನಿನಲ್ಲಿ ಬೆಳಕು ತಿರುಗಿಸಿ ಓದಬಹುದು, ಕಾಗದ ಬಡಿಯುವ ಅಗತ್ಯವೂ ಇಲ್ಲ. ಗ್ರೀಕ್, ಲ್ಯಾಟಿನ್ ವಿದ್ವಾಂಸರು ಶಾಸನದ ಪಾಠವನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಬರೆದಿಡಲು ಎಪಿಡಾಕ್ ಎಂಬ ಪದ್ಧತಿ ರೂಪಿಸಿದ್ದಾರೆ. ಎಲ್ಲಿ ಅಕ್ಷರ ಅಳಿಸಿದೆ, ಎಲ್ಲಿ ಓದಿದವರ ಊಹೆ, ಎಲ್ಲಿ ಕೆತ್ತಿದವನ ತಪ್ಪು ಎಂದು ಬೇರೆ ಬೇರೆ ಗುರುತು ಹಾಕುವ ಪದ್ಧತಿ ಅದು. ಅಳಿಸಿದ ಗ್ರೀಕ್ ಅಕ್ಷರಗಳನ್ನು ಊಹಿಸಲು 2022ರಲ್ಲಿ ಇಥಾಕಾ ಎಂಬ ಎಐ ಮಾದರಿಯೂ ಬಂತು. ಅದು ಒಂಟಿಯಾಗಿ ಕೆಲಸ ಮಾಡಿದ್ದಕ್ಕಿಂತ ಇತಿಹಾಸಕಾರರ ಕೈಯಲ್ಲಿದ್ದಾಗ ಹೆಚ್ಚು ಸರಿ ಉತ್ತರ ಬಂತು ಅನ್ನುವುದು ಗಮನಿಸಬೇಕಾದ ವಿಷಯ. ಕನ್ನಡಕ್ಕೆ ಇಂಥದ್ದು ಬೇಕಾದರೆ ಪಾಠಗಳೆಲ್ಲ ಒಂದೇ ಕ್ರಮದಲ್ಲಿ ಟೈಪ್ ಆಗಬೇಕು. ಹಳಗನ್ನಡವೂ ಸ್ವಲ್ಪ ಕೋಡಿಂಗೂ ಬರುವ ಹುಡುಗ ಹುಡುಗಿಯರು ಬೇಕು. ಪುದುಚೇರಿಯಲ್ಲಿರುವ ಫ್ರೆಂಚ್ ಸಂಶೋಧನಾ ಕೇಂದ್ರಗಳು ದಕ್ಷಿಣ ಭಾರತದ ಶಾಸನಗಳ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿವೆ. ಹೊರದೇಶದಲ್ಲಿ ಪಿಎಚ್.ಡಿ. ಮಾಡುವ ಆಸೆ ಇದ್ದವರು ಅಲ್ಲಿನವರ ಸಂಪರ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟು. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತದೆ, ಬೇರೆ ಕೆಲಸದಲ್ಲಿ ಇರುವವರೂ ಸೇರಿ ಕಲಿತಿದ್ದಾರೆ. ಅದಕ್ಕೂ ಮೊದಲು, ನಿಮ್ಮ ಊರು ಹಳೇ ಮೈಸೂರು ಸೀಮೆಯದಾದರೆ, ಲೈಬ್ರರಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ನಿಮ್ಮ ಜಿಲ್ಲೆಯ ಸಂಪುಟ ತೆಗೆಯಿರಿ. ತಾಲ್ಲೂಕಿನ ಪಟ್ಟಿಯಲ್ಲಿ ನಿಮ್ಮ ಊರೋ ಪಕ್ಕದ ಊರೋ ಸಿಗುತ್ತದೆಯೇ ನೋಡಿ. ಪಾಠವನ್ನು ಬರೆದುಕೊಂಡು ಹೋಗಿ, ಕಲ್ಲು ಇನ್ನೂ ಅಲ್ಲೇ ಇದೆಯಾ ಹುಡುಕಿ, ಅಕ್ಷರಕ್ಕೆ ಅಕ್ಷರ ಹೋಲಿಸಿ. ಬೆಳಗ್ಗೆ ಅಥವಾ ಸಂಜೆ ಹೋಗಿ, ಬಿಸಿಲು ಓರೆಯಾಗಿ ಬೀಳುವಾಗ ಗುಳಿಯಲ್ಲಿ ನೆರಳು ಕೂತು ಓದಲು ಸುಲಭ. ಕಲ್ಲು ಕಾಣೆಯಾಗಿದ್ದರೆ ಅಥವಾ ಮುರಿದಿದ್ದರೆ ಫೋಟೊ ಸಮೇತ ರಾಜ್ಯದ ಪುರಾತತ್ವ ಇಲಾಖೆಗೆ ಬರೆದು ತಿಳಿಸಿ.