ಅಂಗಾಲಿನ ಕಪ್ಪು ಕಲೆಗೆ ಕಾರ್ನ್ ಕ್ಯಾಪ್ ಯಾಕೆ ಹಾಕ್ತೀರಿ?

"ಆಣಿ ಡಾಕ್ಟ್ರೇ. ಗದ್ದೆಲಿ ಚುಚ್ಚಿದ ಮುಳ್ಳು ಒಳಗೇ ಉಳಿದಿರಬೇಕು" ಅಂದರು ಅಜ್ಜಿ. ಹಿಮ್ಮಡಿಗೆ ಅಂಟಿಸಿದ್ದ ಕಾರ್ನ್ ಕ್ಯಾಪ್ ಬಿಡಿಸಿ ಒರೆಸಿದೆ. ಎಂಟಾಣೆ ಅಗಲದ ಕಲೆ. ಒಂದು ಕಡೆ ಕಡುಕಪ್ಪು, ಇನ್ನೊಂದು ಕಡೆ ತಿಳಿಕಂದು, ಅಂಚೆಲ್ಲ ಶಾಯಿ ಚೆಲ್ಲಿದ ಹಾಗೆ. ಎಂಟು ತಿಂಗಳಿಂದ ಇತ್ತಂತೆ. ಮೂರು ಸಲ ಬ್ಲೇಡಿನಿಂದ ಹೆರೆದಿದ್ದರಂತೆ. ಬಯಾಪ್ಸಿಯಲ್ಲಿ, ಅಂದರೆ ಚೂರು ಕತ್ತರಿಸಿ ಮಾಡುವ ಪರೀಕ್ಷೆಯಲ್ಲಿ, ಮೆಲನೋಮ ಅಂತ ಬಂತು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್ ಅದು.

ಎಂಟು ತಿಂಗಳು! ಇದನ್ನು ನೋಡಿ ನೋಡಿ ಸಾಕಾಗಿದೆ.

ಮೆಲನೋಮ ಬಿಳಿಯರಿಗೆ, ಬಿಸಿಲಿನಿಂದ ಬರೋದು ಅಂತ ಓದಿದವರೂ ಹೇಳುತ್ತಾರೆ. ಅವರಲ್ಲಿ ಜಾಸ್ತಿ, ನಿಜ. ನಮ್ಮಲ್ಲಿ ಅಪರೂಪ. ಆದರೆ ನಮ್ಮ ಮೈಬಣ್ಣದವರಿಗೆ ಬಂದಾಗ ಹೆಚ್ಚಾಗಿ ಬಿಸಿಲೇ ಬೀಳದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನಡಿ ಬರುತ್ತದೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಬಂದಿದ್ದೂ ಕಾಲಿನ ಹೆಬ್ಬೆರಳ ಉಗುರಿನಡಿ. ಫುಟ್‌ಬಾಲ್ ಆಡುವಾಗ ಆದ ಗಾಯ ಅಂದುಕೊಂಡಿದ್ದರು. 1977ರಲ್ಲಿ ಕಾಯಿಲೆ ಗೊತ್ತಾಯಿತು, 1981ರಲ್ಲಿ 36ನೇ ವಯಸ್ಸಿಗೇ ತೀರಿಕೊಂಡರು.

ಆಣಿ ಸಾಮಾನ್ಯವಾಗಿ ಚರ್ಮದ ಬಣ್ಣದ್ದೇ ಅಥವಾ ಹಳದಿ ಇರುತ್ತದೆ, ಒತ್ತಿದರೆ ನೋಯುತ್ತದೆ. ಮೆಲನೋಮ ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. "ನೋವಿಲ್ವಲ್ಲ ಡಾಕ್ಟ್ರೇ" ಅನ್ನುವ ಮಾತು ಕೇಳಿದರೇ ನನಗೆ ಭಯ. ಕೆಲವೊಮ್ಮೆ ಕಪ್ಪೂ ಇರುವುದಿಲ್ಲ, ಮಾಯದ ಕೆಂಪು ಹುಣ್ಣಿನ ಹಾಗೆ ಕಾಣುತ್ತದೆ. ಕ್ಯಾಪಿನಲ್ಲಿರುವ ಆಸಿಡ್ ಮೇಲಿನ ಪದರ ಸುಲಿಯುತ್ತದೆ ಅಷ್ಟೆ. ಅಡಿಯಲ್ಲಿ ಮೆಲನೋಮ ಆಳಕ್ಕೆ ಇಳಿಯುತ್ತಲೇ ಇರುತ್ತದೆ. ನಾವು ಈ ಆಳವನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಒಂದರೊಳಗೆ ಇದ್ದರೆ ಹೆಚ್ಚಿನವರಿಗೆ ಕೊಯ್ದು ತೆಗೆದರೇ ವಾಸಿ. ನಾಲ್ಕು ದಾಟಿದರೆ ಕಷ್ಟ.

ಉಗುರಿನ ಮಾತೂ ಹೇಳಿಬಿಡುತ್ತೇನೆ. ಏಟು ಬಿದ್ದು ರಕ್ತ ಹೆಪ್ಪುಗಟ್ಟಿದ್ದರೆ ಉಗುರು ಬೆಳೆದ ಹಾಗೆ ಕಲೆ ಮುಂದೆ ಸರಿಯುತ್ತದೆ. ಕಾಲುಗುರು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್, ಸ್ವಲ್ಪ ಕಾಯಬೇಕು. ಆದರೆ ಒಂದೇ ಉಗುರಿನಲ್ಲಿ, ಬುಡದಿಂದ ಹೊರಟ ಕಪ್ಪು ಪಟ್ಟೆ ಅಗಲವಾಗುತ್ತಿದ್ದರೆ, ಪಕ್ಕದ ಚರ್ಮವೂ ಕಪ್ಪಾದರೆ ಕಾಯಬೇಡಿ. ಹಲವು ಉಗುರುಗಳಲ್ಲಿ ತೆಳು ಕಂದು ಗೆರೆ ಇರುವುದು ನಮ್ಮವರಲ್ಲಿ ಸಾಮಾನ್ಯ. ಅದಕ್ಕೆ ಗಾಬರಿ ಬೇಡ.

"ಕತ್ತರಿ ತಾಗಿಸಿದರೆ ಹರಡುತ್ತಲ್ವಾ?" ಅಂತ ಅಜ್ಜಿಯ ಮಗನೂ ಕೇಳಿದ. ಬಯಾಪ್ಸಿಯಿಂದ ಹರಡುವುದಿಲ್ಲಪ್ಪ ಅಂತ ಕೂರಿಸಿ ಹೇಳಿದೆ. ಹಿಮ್ಮಡಿಯ ಆಪರೇಷನ್ ಆಗಿದೆ. ಕಾಯಿಲೆ ಅಲ್ಲಿಗೂ ಹರಡಿದೆಯಾ ಅಂತ ಪರೀಕ್ಷೆಗೆ ಕಳಿಸಿದ ತೊಡೆಸಂದಿನ ಗಂಟಿನ ರಿಪೋರ್ಟ್ ಇನ್ನೂ ಬಂದಿಲ್ಲ. ಅವನು ದಿನಾ ಫೋನ್ ಮಾಡುತ್ತಾನೆ.