ಮೊದಲು ಆ ನೋಟ್‌ಬುಕ್ ನೋಡಿ ಬನ್ನಿ

ಅಡಿಕೆ ಮರ ಎಷ್ಟು ಎತ್ತರ ಇರುತ್ತದೆ? ವಿದ್ಯಾರ್ಥಿಗಳ ಆ್ಯಪ್ ಸ್ಪರ್ಧೆಗಳಲ್ಲಿ ತೀರ್ಪುಗಾರಳಾಗಿ ಕೂತಲ್ಲೆಲ್ಲ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎದುರು ನಿಂತ ಮಕ್ಕಳು ನಮ್ಮ ಜಿಲ್ಲೆಯವರೇ, ಅರ್ಧಕ್ಕರ್ಧ ಮಂದಿಯ ಅಜ್ಜನ ಮನೆಯಲ್ಲಿ ತೋಟ ಇದೆ. ಆದರೂ ಕೇಳಿದ ಕೂಡಲೇ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಿಂದಿನ ಪರದೆಯಲ್ಲಿ ‘ಎಐ ಆಧಾರಿತ ಕೊಳೆರೋಗ ಪತ್ತೆ ಆ್ಯಪ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಎಲೆಯ ಫೋಟೊ ತೆಗೆಯಿರಿ, ರೋಗ ಯಾವುದೆಂದು ನಾವು ಹೇಳುತ್ತೇವೆ, ನಿಖರತೆ ಶೇ. 98.

ಕೊಳೆರೋಗ ಹಿಡಿಯುವುದು ಮುಖ್ಯವಾಗಿ ಕಾಯಿಗೆ. ಗೊನೆ ಇರುವುದು ನಲ್ವತ್ತೋ ಐವತ್ತೋ ಅಡಿ ಮೇಲೆ. ಜಡಿಮಳೆಯಲ್ಲಿ ಮೊಬೈಲ್ ಹಿಡಿದುಕೊಂಡು ಅಲ್ಲಿಗೆ ಹತ್ತುವವರು ಯಾರು? ಒಂದು ತಂಡವನ್ನು ವಿಟ್ಲದ ಕಡೆಯ ಪರಿಚಯದ ಕೃಷಿಕರೊಬ್ಬರ ತೋಟಕ್ಕೆ ಕಳಿಸಿದ್ದೆ. ಅವರು ಮಕ್ಕಳಿಗೆ ಬೆಲ್ಲ ನೀರು ಕೊಟ್ಟು, ಡೆಮೊ ಪೂರ್ತಿ ನೋಡಿ, ‘ಮಕ್ಕಳೇ, ಬುಡದಲ್ಲಿ ಕಾಯಿ ಉದುರಿ ಬಿದ್ದದ್ದು ಕಂಡರೆ ನನಗೇ ಗೊತ್ತಾಗ್ತದೆ. ಗೊತ್ತಾಗುವಾಗ ಹೊತ್ತು ಮೀರಿರ್ತದೆ. ನನಗೆ ಬೇಕಾದ್ದು ಮಳೆ ಎರಡು ದಿನ ಬಿಟ್ಟಾಗ ಔಷಧಿ ಬಿಡುವ ಜನ’ ಎಂದರಂತೆ. ಆ ಔಷಧಿ, ಅಂದರೆ ಬೋರ್ಡೊ ದ್ರಾವಣ, ಹೊಸತಲ್ಲ. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು, ಅವರ ಅಪ್ಪನ ಕಾಲದಿಂದಲೂ ಅದೇ. ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, ಆಮೇಲೆ ಸುಮಾರು 40–45 ದಿನಕ್ಕೆ ಇನ್ನೊಮ್ಮೆ. ಕಷ್ಟ ಇರುವುದು ಮರ ಹತ್ತುವವರು ಸಿಗುವುದರಲ್ಲಿ, ಇಲ್ಲವೇ ನೆಲದಲ್ಲೇ ನಿಂತು ಉದ್ದನೆಯ ಫೈಬರ್ ಕೋಲು, ಅಂದರೆ ದೋಟಿ, ಹಿಡಿದು ಔಷಧಿ ಬಿಡಲು ಕಲಿತವರು ಸಿಗುವುದರಲ್ಲಿ.

ಆ ಶೇ. 98ರ ಬಗ್ಗೆಯೂ ಒಂದು ಮಾತು. ಎಲೆ ರೋಗದ ಕೆಲಸಕ್ಕೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಳಿಸಿಕೊಳ್ಳುವುದು ಪ್ಲಾಂಟ್‌ವಿಲೇಜ್ ಚಿತ್ರಸಂಗ್ರಹ. ಅದರಲ್ಲಿ 14 ಬೆಳೆಗಳ 54,000ಕ್ಕೂ ಹೆಚ್ಚು ಚಿತ್ರಗಳಿವೆ. ಸೇಬು, ದ್ರಾಕ್ಷಿ, ಟೊಮೆಟೊ ಎಲ್ಲ ಇವೆ, ಅಡಿಕೆ ಇಲ್ಲ. 2016ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಬಂಧವೊಂದು ಆ ಸಂಗ್ರಹದ ಮೇಲೆ ಶೇ. 99 ದಾಟಿದ ನಿಖರತೆ ತೋರಿಸಿತ್ತು. ಆ ಚಿತ್ರಗಳಿಂದ ಕಲಿತ ಅದೇ ಎಐ ಮಾದರಿಗೆ ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರ ಕೊಟ್ಟಾಗ ನಿಖರತೆ ಶೇ. 31ರ ಆಸುಪಾಸಿಗೆ ಇಳಿಯಿತು. ಇದನ್ನೂ ಆ ಲೇಖಕರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ನಮ್ಮ ಮಕ್ಕಳು ಮೊದಲ ಅಂಕಿ ಓದಿ ಪುಟ ಮಡಚುತ್ತಾರೆ.

ಕೋಡಿಂಗ್ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಈಗಿನವರು ನನಗಿಂತ ಚೆನ್ನಾಗಿ ಮಾಡುತ್ತಾರೆ. ತಕರಾರು ಒಂದೇ: ನೀವು ಬಗೆಹರಿಸಲು ಹೊರಟ ಸಮಸ್ಯೆಗೆ ಈಗ ಯಾರು ಏನು ಮಾಡುತ್ತಿದ್ದಾರೆ? ‘ಏನೂ ಇಲ್ಲ ಮೇಡಂ, ಅದಕ್ಕೇ ನಾವು ಆ್ಯಪ್ ಮಾಡಿದ್ದು’ ಎಂಬ ಉತ್ತರ ಬಂದರೆ ನಾನು ಪೆನ್ ಕೆಳಗಿಡುತ್ತೇನೆ. ಏನೂ ಇಲ್ಲ ಎಂಬುದು ಇರುವುದೇ ಇಲ್ಲ ಮಾರಾಯ್ರೆ. ಜನ ಕಷ್ಟವನ್ನು ಎದುರಿಟ್ಟುಕೊಂಡು ಸ್ಪರ್ಧೆಯ ದಿನಾಂಕಕ್ಕೆ ಕಾದು ಕೂತಿರುವುದಿಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ ಎಲ್ಲಿಗೆಂದು ಹೇಳುವುದಕ್ಕೆ ಕಂಡಕ್ಟರನ ಗಂಟಲಿದೆ. ನನ್ನ ಅಮ್ಮ ಮಾತ್ರೆ ಮರೆಯದಿರಲು ಅದನ್ನು ಕಾಫಿಪುಡಿ ಡಬ್ಬಿಯ ಮೇಲೆ ಇಡುತ್ತಾರೆ. ರಾತ್ರಿಯದ್ದನ್ನು ದುಬೈಯಲ್ಲಿರುವ ತಮ್ಮ ಫೋನ್ ಮಾಡಿ ಕೇಳುತ್ತಾನೆ. ನಾನೇ ಅವರ ಮೊಬೈಲಿಗೆ ಹಾಕಿಕೊಟ್ಟ ಮಾತ್ರೆ ಆ್ಯಪ್ ನಾಲ್ಕನೇ ದಿನ ಬಾಯಿ ಮುಚ್ಚಿತು. ಟಣ್ ಟಣ್ ಎನ್ನುತ್ತದೆ ಎಂದು ಅವರೇ ಮುಚ್ಚಿಸಿದ್ದು. ನಿಮ್ಮ ಆ್ಯಪಿಗೆ ಪೈಪೋಟಿ ಪಕ್ಕದ ಕಾಲೇಜಿನ ತಂಡವಲ್ಲ, ಆ ಕಾಫಿಪುಡಿ ಡಬ್ಬಿ. ಅದು ಎಲ್ಲಿ ಸೋಲುತ್ತದೆ ಎಂದು ಹುಡುಕಿ. ಸೋಲುವುದೇ ಇಲ್ಲವಾದರೆ ಬೇರೆ ಸಮಸ್ಯೆ ನೋಡಿಕೊಳ್ಳಿ.

ಸರ್ವೇ ಮಾಡಿದ್ದೇವೆ ಎನ್ನುತ್ತಾರೆ. ಗೂಗಲ್ ಫಾರ್ಮ್, ಅದೂ ಇಂಗ್ಲಿಷಿನಲ್ಲಿ. ಮೀನುಗಾರರ ಸರ್ವೇ ಒಂದಕ್ಕೆ ಉತ್ತರ ತುಂಬಿದವರೆಲ್ಲ ಹಾಸ್ಟೆಲ್ ಗೆಳೆಯರು, ಅದರಲ್ಲಿ ಕೆಲವರು ಮೀನು ತಿನ್ನುವವರೂ ಅಲ್ಲ.

ತಪ್ಪು ಪೂರ್ತಿ ಮಕ್ಕಳದ್ದೂ ಅಲ್ಲ. 2017ರಲ್ಲಿ ಶುರುವಾದ, ಕೇಂದ್ರ ಸರಕಾರದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಂಥ ಸ್ಪರ್ಧೆಯಲ್ಲಿ ಸಮಸ್ಯೆಯನ್ನು ಸಚಿವಾಲಯಗಳೇ ಬರೆದುಕೊಡುತ್ತವೆ, ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತು 36 ಗಂಟೆ. ಆ 36 ಗಂಟೆಯಲ್ಲಿ ಯಾರ ತೋಟಕ್ಕೂ ಹೋಗಿಬರಲು ಆಗುವುದಿಲ್ಲ, ಹೋಗುವುದಿದ್ದರೆ ಮುಂಚೆಯೇ ಹೋಗಿರಬೇಕು. 8ರಿಂದ 18 ವರ್ಷದ ಹುಡುಗಿಯರಿಗಾಗಿ 2010ರಿಂದ ನಡೆಯುತ್ತಿರುವ ಟೆಕ್ನೊವೇಷನ್‌ನಂಥ ಸ್ಪರ್ಧೆಯ ಕ್ರಮ ಬೇರೆ, ಅಲ್ಲಿ ತಮ್ಮ ಊರಿನ ಸಮಸ್ಯೆಯನ್ನು ತಾವೇ ಹುಡುಕಬೇಕು. ಆದ್ದರಿಂದ ನಾನು ಹೇಳುವುದು ಎಲ್ಲ ಕಡೆ ಒಂದೇ ತೂಕದಲ್ಲಿ ಅನ್ವಯಿಸುತ್ತದೆ ಎನ್ನಲಾರೆ. ನನ್ನ ಮಾತು ಕೇಳಿ ಬಹುಮಾನ ಕಳೆದುಕೊಂಡವರೂ ಇದ್ದಾರೆ, ಅದನ್ನು ಮುಚ್ಚಿಡುವುದು ಸರಿಯಲ್ಲ.

ಅಂಥ ಒಂದು ತಂಡ ನಾಲ್ಕು ಹುಡುಗಿಯರದ್ದು. ಮೀನು ಎಲ್ಲಿ ಸಿಗುತ್ತದೆ ಎಂದು ಹೇಳುವ ಆ್ಯಪ್ ಮಾಡುತ್ತೇವೆ ಎಂದು ಬಂದರು. ಉಪಗ್ರಹದಿಂದ ಸಮುದ್ರದ ಮೇಲ್ಮೈ ಉಷ್ಣಾಂಶ ಮತ್ತು ಕ್ಲೋರೊಫಿಲ್ ನೋಡಿ ಹೈದರಾಬಾದಿನ ಸರಕಾರಿ ಸಮುದ್ರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಆ ಮಾಹಿತಿಯನ್ನು ಎಷ್ಟೋ ವರ್ಷದಿಂದ ಕೊಡುತ್ತಿದೆ. ಬೈಯಲಿಲ್ಲ. ಮಲ್ಪೆಯ ಮೀನುಗಾರಿಕಾ ಬಂದರಿಗೆ ಹೋಗಿ ಎಂದೆ. ‘ಈಗ ಜುಲೈ ಮೇಡಂ, ಮೀನುಗಾರಿಕೆಗೆ ನಿಷೇಧ ಅಲ್ವಾ?’ ಎಂದಳು ಒಬ್ಬಳು. ಹೌದು, ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಮಾತಿಗೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ಬೋಟು ದಡದಲ್ಲಿರುತ್ತದೆ, ಜನ ಬಲೆ ಸರಿಮಾಡುತ್ತಾ ಕೂತಿರುತ್ತಾರೆ, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಸಿಗುತ್ತದೆ. ಫಾರ್ಮ್ ಗೀರ್ಮ್ ಬೇಡ, ತುಳು ಬರುವವಳನ್ನು ಮುಂದೆ ಬಿಡಿ ಎಂದಷ್ಟೇ ಹೇಳಿದೆ.

ಮೂರನೇ ಸಲ ಹೋದಾಗ ಬೋಟು ನಡೆಸುವ ತಾಂಡೇಲರೊಬ್ಬರು ಒಂದು ನೋಟ್‌ಬುಕ್ ತೋರಿಸಿದರು. ಬೋಟಿನ ಕೆಲಸಗಾರರ ಹೆಸರು, ಊರು, ಮನೆಯವರ ಫೋನ್ ನಂಬರ್. ಒಡಿಶಾದವರು, ಜಾರ್ಖಂಡ್‌ನವರು, ಉತ್ತರ ಕನ್ನಡದವರು. ನಿಷೇಧದಲ್ಲಿ ಊರಿಗೆ ಹೋದವರೆಲ್ಲ ವಾಪಸ್ ಬರುವುದಿಲ್ಲ, ಬದಲಿಗೆ ಹೊಸಬರು ಬರುತ್ತಾರೆ, ಪುಟದಲ್ಲಿ ಹಳೆ ಹೆಸರು ಹೊಡೆದು ಹೊಸದು ಬರೆಯುತ್ತಾರೆ. ಹುಡುಗಿಯೊಬ್ಬಳು ಕೇಳಿದಳಂತೆ: ‘ಅಣ್ಣ, ಈ ಪುಸ್ತಕ ಎಲ್ಲಿ ಇಡ್ತೀರಿ?’

‘ಎಲ್ಲಿ ಅಂದ್ರೆ? ಬೋಟಿನಲ್ಲೇ.’

ಬೋಟಿಗೆ ಏನಾದರೂ ಆದರೆ ಯಾರ ಮನೆಗೆ ಫೋನ್ ಮಾಡಬೇಕು ಎಂಬ ಪುಸ್ತಕ ಬೋಟಿನ ಜೊತೆಗೇ ಮುಳುಗುತ್ತದೆ. ಇದನ್ನು ನನಗೆ ಹೇಳುವಾಗ ಅವಳ ಸ್ವರ ಬದಲಾಗಿತ್ತು.

ಅವರು ಮಾಡಿದ್ದು ತೀರಾ ಸಣ್ಣದು. ಹೊರಡುವ ಮುಂಚೆ ಪುಟದ ಫೋಟೊ ತೆಗೆದು ಕಳಿಸಿದರೆ, ಆ ದಿನ ಬೋಟಿನಲ್ಲಿ ಯಾರಿದ್ದಾರೆ ಎಂಬ ಪಟ್ಟಿ ದಡದಲ್ಲಿರುವ ಮಾಲಕರ ಬಳಿ ಉಳಿಯುತ್ತದೆ. ಹೆಸರುಗಳನ್ನು ಕೈಯಲ್ಲೇ ಟೈಪ್ ಮಾಡಬೇಕು. ಇದೇ ಪೂರ್ಣ ಪರಿಹಾರ ಎನ್ನುವ ಧೈರ್ಯ ನನಗಿಲ್ಲ. ಬೇರೆಯವರ ಫೋನ್ ನಂಬರ್ ಜೋಪಾನ ಮಾಡುವ ಜವಾಬ್ದಾರಿಯ ಬಗ್ಗೆ ಅವರೊಂದಿಗೆ ದೊಡ್ಡ ಜಗಳವನ್ನೇ ಆಡಿದ್ದೇನೆ. ಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು ‘ಇದರಲ್ಲಿ ಎಐ ಎಲ್ಲಿದೆ?’ ಎಂದರು. ಎಲ್ಲಿಯೂ ಇರಲಿಲ್ಲ. ಪ್ರಮಾಣಪತ್ರ ಹಿಡಿದುಕೊಂಡು ವಾಪಸ್ ಬಂದರು.

ಆಮೇಲೆ ಒಂದು ಸಂಜೆ ಅವಳದ್ದೇ ಫೋನ್. ‘ಮೇಡಂ, ಅಣ್ಣ ಹೊಸಬರು ಮೂವರ ಹೆಸರು ಕಳಿಸಿದ್ದಾರೆ. ಅವರೇ ಬರೆದದ್ದು, ಒಡಿಯಾದಲ್ಲಿ. ನಾಳೆ ಬೆಳಗ್ಗೆ ಬೋಟು ಹೊರಡ್ತದೆ. ಒಡಿಯಾ ಕೈಬರಹ ಓದುವಂಥದ್ದು ಎಂತಾದ್ರೂ ಉಂಟಾ?’