ಮೂಲ ಮಂಗಾವನ್ನು ಅನಿಮೆ ಮೀರಿಸುವುದು ಎಲ್ಲಿ?

ಪ್ರಶ್ನೆ: ‘ಡೀಮನ್ ಸ್ಲೇಯರ್’ ಎಂಬ ಅನಿಮೆಯನ್ನು (ಜಪಾನೀ ಅನಿಮೇಶನ್ ಸರಣಿ) ನೋಡಿ ಮೆಚ್ಚಿಕೊಂಡು ಅದರ ಮೂಲವಾದ ಮಂಗಾ (ಜಪಾನೀ ಚಿತ್ರಕಥೆ) ಸಂಪುಟಗಳನ್ನು ತರಿಸಿ ಓದಿದೆ. ಅದೇ ಕಥೆ, ಹೆಚ್ಚುಕಡಿಮೆ ಅದೇ ಮಾತು, ಆದರೂ ಸಪ್ಪೆಯೆನಿಸಿತು. ಮೂಲಕೃತಿಯೇ ಯಾವಾಗಲೂ ಮೇಲು ಎನ್ನುವವರೇ ಜಾಸ್ತಿ. ಹಾಗಾದರೆ ಅನಿಮೆ ಮೂಲಕ್ಕಿಂತ ಚೆನ್ನಾಗಿರುವುದು ಹೇಗೆ ಸಾಧ್ಯ? ಅದು ಬರೀ ದುಡ್ಡು ಸುರಿದು ತಂದ ಥಳಕೋ, ಅಥವಾ ಒಳಗೇ ಏನಾದರೂ ಬದಲಾಗಿರುತ್ತದೆಯೋ?

ಉತ್ತರ: ದುಡ್ಡಿನ ಪಾತ್ರ ಇಲ್ಲವೆನ್ನಲಾಗದು, ಆದರೆ ಅದು ನಾವು ಎಣಿಸುವುದಕ್ಕಿಂತ ಚಿಕ್ಕದು. ಮಂಗಾಕ್ಕೂ ಅನಿಮೆಗೂ ಇರುವ ನಿಜವಾದ ಅಂತರ ಕಾಲದ್ದು. ಮಂಗಾದ ಪುಟದಲ್ಲಿ ಗಡಿಯಾರವಿಲ್ಲ. ಚಿತ್ರವಿರುವ ಒಂದು ಚೌಕದ ಮುಂದೆ ಅರೆಕ್ಷಣ ನಿಲ್ಲಬೇಕೋ ಐದು ನಿಮಿಷ ನಿಲ್ಲಬೇಕೋ ಎಂಬುದನ್ನು ಓದುಗನೇ ತೀರ್ಮಾನಿಸುತ್ತಾನೆ. ಅನಿಮೆ ಆ ಅಧಿಕಾರವನ್ನು ಓದುಗನ ಕೈಯಿಂದ ಕಿತ್ತುಕೊಳ್ಳುತ್ತದೆ. ಟಿವಿಯ ಒಂದು ಕಂತೆಂದರೆ ಸುಮಾರು 24 ನಿಮಿಷ, ಅದರಲ್ಲಿ ಆರಂಭಗೀತೆಗೂ ಅಂತ್ಯಗೀತೆಗೂ ತಲಾ ಒಂದೂವರೆ ನಿಮಿಷ ಹೋಗುತ್ತದೆ. ಉಳಿದ ಸಮಯದಲ್ಲಿ ಯಾವ ಚಿತ್ರ ಎಷ್ಟು ಸೆಕೆಂಡು ನಿಲ್ಲಬೇಕು, ಯಾವುದರ ಹಿಂದೆ ಏನು ಕೇಳಿಸಬೇಕು, ಯಾವುದು ಮೊದಲು ಬರಬೇಕು ಎಂಬುದನ್ನು ಯಾರಾದರೂ ಕುಳಿತು ನಿರ್ಧರಿಸಲೇಬೇಕು. ರೂಪಾಂತರವೆಂಬ ಕೆಲಸ ನಡೆಯುವುದು ಅಲ್ಲಿ. ಮೂಲದ ಚೌಕಗಳನ್ನು ಹಾಗೆಯೇ ಬಣ್ಣ ತುಂಬಿಸಿ ಸಾಲಾಗಿ ಓಡಿಸುವವನು ಮೂಲಕ್ಕೆ ನಿಷ್ಠನಾಗಿರಬಹುದು, ಆದರೆ ಅವನು ಹೇಳಿದ್ದನ್ನೇ ಹೇಳುವ ಕಿಸಬಾಯಿದಾಸ. ಮಂಗಾ ತನ್ನ ಮಾಧ್ಯಮದ ಗೋಡೆಗೆ ಹಣೆ ತಾಗಿಸಿಕೊಂಡು ನಿಂತ ಜಾಗವನ್ನು ಗುರುತಿಸಿ, ಆ ಗೋಡೆಯನ್ನು ಅಲ್ಲಿಯೇ ಒಡೆಯಬಲ್ಲ ಅನಿಮೆ ಮಾತ್ರ ಮೂಲವನ್ನು ಮೀರಿಸುತ್ತದೆ.

ಇದಕ್ಕೆ ನನಗೆ ಅತ್ಯುತ್ತಮವೆನಿಸುವ ಉದಾಹರಣೆ ‘ಬೋಚ್ಚಿ ದ ರಾಕ್!’. ಅಕಿ ಹಮಾಜಿ ಅವರ ಈ ಮಂಗಾ ‘ನಾಲ್ಕು ಚೌಕ’ದ ಪ್ರಕಾರಕ್ಕೆ ಸೇರಿದ್ದು. ಪುಟದಲ್ಲಿ ಮೇಲಿಂದ ಕೆಳಕ್ಕೆ ನಾಲ್ಕು ಚೌಕಗಳು, ನಾಲ್ಕನೆಯದರಲ್ಲಿ ಒಂದು ನಗೆಚಟಾಕಿ, ಮತ್ತೆ ಹೊಸ ಸಾಲು. ಜನರನ್ನು ಕಂಡರೆ ನಡುಗುವ, ಆದರೆ ಮನೆಯ ಬೀರುವಿನೊಳಗೆ ಕುಳಿತು ಅಸಾಧ್ಯವಾಗಿ ಗಿಟಾರ್ ನುಡಿಸುವ ಗೊಟೊ ಹಿತೋರಿ ಎಂಬ ಹೈಸ್ಕೂಲು ಹುಡುಗಿ ಟೋಕಿಯೊದ ಶಿಮೊಕಿತಝಾವಾದಲ್ಲಿ ಒಂದು ರಾಕ್ ತಂಡಕ್ಕೆ ಸೇರುವುದೇ ಕಥೆ. ತೊಡಕು ಎರಡು. ಸಂಗೀತದ ಕಥೆ ಕಿವಿಗೆ ಕೇಳಿಸದು. ಒಂದು ಹಾಡು ಬೆಳೆಯಲು ನಿಮಿಷಗಳು ಬೇಕು, ಆದರೆ ಇಲ್ಲಿ ಪ್ರತಿ ನಾಲ್ಕು ಚೌಕಕ್ಕೊಮ್ಮೆ ನಗಿಸಿ ಮುಂದೆ ಸಾಗಬೇಕು. ಹಮಾಜಿ ಅವರ ಹಾಸ್ಯ ಚುರುಕಾದದ್ದು. ಹಾಗಿದ್ದರೂ ವೇದಿಕೆಯ ದೃಶ್ಯಗಳು ಬಂದಾಗ ನಾವು ಸಂಗೀತವನ್ನು ನಂಬಬೇಕೇ ಹೊರತು ಅನುಭವಿಸುವಂತಿಲ್ಲ.

ಕ್ಲೋವರ್‌ವರ್ಕ್ಸ್ ಸ್ಟುಡಿಯೊ 2022ರ ಅಕ್ಟೋಬರ್‌ನಲ್ಲಿ ಇದನ್ನು 12 ಕಂತುಗಳ ಅನಿಮೆಯಾಗಿ ತಂದಿತು. ನಿರ್ದೇಶಕ ಕೇಯಿಚಿರೊ ಸಾಯ್ತೊ, ಕಥಾವಿನ್ಯಾಸ ಎರಿಕಾ ಯೋಶಿದಾ. ಎಂಟನೆಯ ಕಂತನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚಂಡಮಾರುತದ ದಿನ, ನಾಲ್ವರೂ ಕೂಡಿದ ತಂಡದ ಮೊದಲ ಕಛೇರಿ. ಬರಬೇಕಾದವರಲ್ಲಿ ಹೆಚ್ಚಿನವರು ಬಂದಿಲ್ಲ. ಬಂದವರಲ್ಲಿ ಕೆಲವರು ಬೇರೆ ತಂಡವನ್ನು ಕೇಳಲು ಬಂದವರು, ಅವರ ಉದಾಸೀನದ ಮಾತು ವೇದಿಕೆಯವರೆಗೂ ಕೇಳಿಸುತ್ತದೆ. ಮೊದಲ ಹಾಡು ಶುರುವಾದಾಗ ನಮಗೆ ಕೇಳಿಸುವುದು ಸ್ಟುಡಿಯೊದಲ್ಲಿ ಚೊಕ್ಕಟವಾಗಿ ಧ್ವನಿಮುದ್ರಿಸಿದ ಹಾಡಲ್ಲ. ಡ್ರಮ್ಸ್ ತಡವರಿಸುತ್ತದೆ, ವಾದ್ಯಗಳು ಒಂದಕ್ಕೊಂದು ಕೂಡಿಬರುವುದಿಲ್ಲ, ಹಾಡುಗಾರ್ತಿಯ ದನಿಯಲ್ಲಿ ಅಂಜಿಕೆಯಿದೆ. ಹಾಡು ಮುಗಿದ ಮೇಲಿನ ಮೌನವಂತೂ ಮುಜುಗರ ಹುಟ್ಟಿಸುವಷ್ಟು ಉದ್ದ. ಎರಡನೆಯ ಹಾಡಿಗೆ ಮೊದಲು, ಯಾರೂ ಕೇಳದೆಯೇ, ಸದಾ ತಲೆ ತಗ್ಗಿಸಿ ನಿಲ್ಲುವ ಹಿತೋರಿ ಒಬ್ಬಳೇ ಗಿಟಾರನ್ನು ಎತ್ತಿಕೊಂಡು ನುಡಿಸತೊಡಗುತ್ತಾಳೆ. ಹರಿತವಾದ, ಸ್ವಲ್ಪ ಕೋಪಗೊಂಡಂತಿರುವ ಆ ನಾದ ಮಿಕ್ಕ ಮೂವರ ಬೆನ್ನು ನೆಟ್ಟಗಾಗಿಸುತ್ತದೆ, ಅದರ ಬೆನ್ನಿಗೇ ಡ್ರಮ್ಸ್ ಸರಿಯಾದ ಜಾಗಕ್ಕೆ ಬಂದು ಬೀಳುತ್ತದೆ. ಆಗ ಬದಲಾಗುವುದು ಹಾಡಷ್ಟೇ ಅಲ್ಲ, ಅವಳ ಬಗ್ಗೆ ಕಥೆ ಅಲ್ಲಿಯವರೆಗೆ ಹೇಳುತ್ತ ಬಂದಿದ್ದ ಮಾತು ನಮ್ಮ ಕಿವಿಯಲ್ಲೇ ಸಾಬೀತಾಗುತ್ತದೆ. ಮಂಗಾದಲ್ಲಿ ಕೆಲವೇ ಚೌಕಗಳಲ್ಲಿ ಮುಗಿಯುವ ಪ್ರಸಂಗವಿದು. ‘ಮೊದಲು ಕೆಟ್ಟದಾಗಿತ್ತು, ಆಮೇಲೆ ಚೆನ್ನಾಯಿತು’ ಎಂಬ ಮಾಹಿತಿ ಎರಡರಲ್ಲೂ ಒಂದೇ. ಆದರೆ ಕೆಟ್ಟದ್ದನ್ನು ಒಂದೂವರೆ ನಿಮಿಷ ಕುಳಿತು ಸಹಿಸಿದವನಿಗೆ ಮಾತ್ರ ಒಳ್ಳೆಯದರ ಬೆಲೆ ಗೊತ್ತಾಗುತ್ತದೆ, ಮತ್ತು ಆ ಸಹನೆಯನ್ನು ಹೇರುವ ಶಕ್ತಿ ಪುಟಕ್ಕಿಲ್ಲ.

ಹಾಸ್ಯದ ಕಡೆಯಲ್ಲಿಯೂ ಸಾಯ್ತೊ ಸುಮ್ಮನಿರಲಿಲ್ಲ. ನಾಲ್ಕನೆಯ ಚೌಕದ ಚಟಾಕಿಯನ್ನು ಚಲಿಸುವ ಚಿತ್ರದಲ್ಲಿ ಹಾಗೆಯೇ ಇಟ್ಟರೆ ಪ್ರತಿ ಹದಿನೈದು ಸೆಕೆಂಡಿಗೊಮ್ಮೆ ಕಥೆ ಮುಗ್ಗರಿಸುತ್ತದೆ. ಈ ಪ್ರಕಾರದ ಎಷ್ಟೋ ಅನಿಮೆಗಳು ಸೋತಿರುವುದು ಹೀಗೆ. ಇಲ್ಲಿ ಹಿತೋರಿಯ ಗಾಬರಿಯನ್ನು ತೋರಿಸಲು ಅವಳ ಮುಖ ಕರಗುತ್ತದೆ, ಚಿತ್ರದ ಶೈಲಿಯೇ ಬದಲಾಗುತ್ತದೆ, ನಡುವೆ ಕ್ಯಾಮೆರಾದಿಂದ ತೆಗೆದ ನಿಜದ ದೃಶ್ಯಗಳು ನುಗ್ಗಿಬರುತ್ತವೆ. ಒಂದೊಂದು ಗಾಬರಿಗೂ ಒಂದೊಂದು ಉಡುಪು. ಮಂಗಾದಲ್ಲಿದ್ದ, ಕಥೆಗೆ ಬೇಕಿರದ ಕೆಲವು ಅಗ್ಗದ ಚಿತ್ರಗಳನ್ನು ಅನಿಮೆ ಸದ್ದಿಲ್ಲದೆ ಕೈಬಿಟ್ಟಿದೆ. ಅದೂ ಸುಧಾರಣೆಯೇ.

ಇದೇ ಸಾಯ್ತೊ ಮರುವರ್ಷವೇ ಕೈಗೆತ್ತಿಕೊಂಡದ್ದು ಸ್ವಭಾವದಲ್ಲಿ ತೀರ ವಿರುದ್ಧವಾದ ‘ಫ್ರೀರೆನ್’. ಕನೆಹಿತೊ ಯಾಮಾದಾ ಬರೆದು ತ್ಸುಕಾಸಾ ಆಬೆ ಚಿತ್ರಿಸುತ್ತಿರುವ ಈ ಮಂಗಾ 2020ರಲ್ಲಿ ಆರಂಭವಾಯಿತು. ಸಾವಿರ ವರ್ಷಕ್ಕೂ ಮಿಕ್ಕಿ ಬದುಕುವ ಎಲ್ಫ್ ಕುಲದ ಮಾಂತ್ರಿಕಳಾದ ಫ್ರೀರೆನ್‌ಗೆ, ಜೊತೆಯಲ್ಲಿ ಹತ್ತು ವರ್ಷ ಅಲೆದ ಮನುಷ್ಯ ಗೆಳೆಯ ಮುದುಕನಾಗಿ ತೀರಿಕೊಂಡ ಮೇಲೆ, ತಾನು ಅವನನ್ನು ಸರಿಯಾಗಿ ಅರಿತುಕೊಳ್ಳಲೇ ಇಲ್ಲವೆಂದು ಹೊಳೆಯುತ್ತದೆ. ಅಂದರೆ ಈ ಕಥೆಯ ವಸ್ತುವೇ ಕಾಲ. ಮಂಗಾ ಇದನ್ನು ಬಹಳ ಒಣದನಿಯಲ್ಲಿ ಹೇಳುತ್ತದೆ. ಪುಟ ತಿರುಗಿಸುವಷ್ಟರಲ್ಲಿ ಐವತ್ತು ವರ್ಷ ಕಳೆದಿರುತ್ತದೆ, ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಗೆಳೆಯನನ್ನು ಮಣ್ಣು ಮಾಡಿ ಆಗಿರುತ್ತದೆ. ಆ ಒಣತನಕ್ಕೆ ಅದರದೇ ಸೊಗಸಿದೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮ್ಯಾಡ್‌ಹೌಸ್ ಸ್ಟುಡಿಯೊದ ಅನಿಮೆಯಲ್ಲಿ ಕಾಲ ಬರಿಯ ಸಂಖ್ಯೆಯಾಗಿ ಉಳಿಯುವುದಿಲ್ಲ. ಗಾಳಿಗೆ ಬಾಗುವ ಹುಲ್ಲು, ಬೆಟ್ಟದ ಮೇಲೆ ಸರಿಯುವ ಮೋಡದ ನೆರಳು, ನಡಿಗೆಯ ಸದ್ದು, ಇವಾನ್ ಕಾಲ್ ಅವರ ಸಂಗೀತ, ಇವೆಲ್ಲವೂ ಏನೂ ನಡೆಯದ ಗಳಿಗೆಗಳನ್ನು ನಮ್ಮ ಮುಂದೆ ಹಾಸಿಡುತ್ತವೆ. 2023ರ ಸೆಪ್ಟೆಂಬರ್ 29ರಂದು ಮೊದಲ ನಾಲ್ಕು ಕಂತುಗಳನ್ನು ಸಿನಿಮಾ ಪ್ರಸಾರವಾಗುವ ವೇಳೆಯಲ್ಲಿ ಎರಡು ಗಂಟೆಗಳ ವಿಶೇಷವಾಗಿ ಒಟ್ಟಿಗೆ ಬಿತ್ತರಿಸಿದ್ದರು. ನಿಧಾನವಾಗಿ ಬೇರುಬಿಡುವ ಕಥೆಗೆ ಅದು ಸರಿಯಾದ ಆರಂಭವಾಗಿತ್ತು. ವಾರಕ್ಕೊಂದರಂತೆ ಬಂದಿದ್ದರೆ ಎರಡನೆಯ ವಾರಕ್ಕೆ ಎಷ್ಟು ಜನ ಉಳಿಯುತ್ತಿದ್ದರೋ.

ಹದಿನೈದನೆಯ ಕಂತಿನಲ್ಲಿ ಒಂದು ಶ್ರೀಮಂತರ ಮನೆಯ ಔತಣಕೂಟವಿದೆ. ಫ್ರೀರೆನ್ ಜೊತೆ ಪಯಣಿಸುವ ಫರ್ನ್ ಮತ್ತು ಸ್ಟಾರ್ಕ್ ಎಂಬ ಇಬ್ಬರು ಎಳೆಯರು ಅಲ್ಲಿ ಜೊತೆಯಾಗಿ ನರ್ತಿಸುತ್ತಾರೆ. ಮಂಗಾದಲ್ಲಿ ಇದಕ್ಕೆ ಸಿಕ್ಕಿರುವ ಜಾಗ ತೀರ ಸ್ವಲ್ಪ, ನರ್ತಿಸಿದರು ಎಂದು ತಿಳಿದರೆ ಸಾಕು ಎಂಬಂತೆ. ಅನಿಮೆಯಲ್ಲಿ ಇಬ್ಬರೂ ಸುತ್ತುವಾಗ ಉಡುಪಿನ ನೆರಿಗೆ ಅವರಿಗಿಂತ ಕ್ಷಣಕಾಲ ತಡವಾಗಿ ಸುತ್ತುತ್ತದೆ, ನೋಟಗಳು ಸೇರುತ್ತವೆ, ತಪ್ಪುತ್ತವೆ. ಒಂದು ಮಾತೂ ಇಲ್ಲದೆ ಅವರ ನಂಟು ಒಂದು ಹೆಜ್ಜೆ ಮುಂದೆ ಹೋಗಿಬಿಡುತ್ತದೆ. ಕಾಳಗಗಳ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಖಚಿತವಿಲ್ಲ. ಮಂಗಾ ಕಾಳಗಗಳನ್ನು ಬೇಗ ಬೇಗ ಮುಗಿಸುತ್ತದೆ. ಶತಮಾನಗಳನ್ನು ಕಂಡವಳಿಗೆ ಅದೇನು ದೊಡ್ಡದು ಎಂಬ ಧೋರಣೆ ಅದರಲ್ಲಿದೆ. ಅನಿಮೆ ಅವನ್ನು, ವಿಶೇಷವಾಗಿ 26ನೆಯ ಕಂತಿನಲ್ಲಿ ಫ್ರೀರೆನ್ ತನ್ನದೇ ಪ್ರತಿರೂಪದೊಡನೆ ಸೆಣಸುವುದನ್ನು, ಬಹಳ ವಿಸ್ತರಿಸಿದೆ. ನೋಡಲು ಅದ್ಭುತ, ಆದರೆ ಮೂಲದ ಆ ನಿರ್ಲಿಪ್ತ ನಗು ಅಲ್ಲಿ ತುಸು ಮಸುಕಾಗಿದೆಯೆಂದು ನನ್ನ ಅನಿಸಿಕೆ.

ಕಾಲದಂತೆಯೇ ಗೆರೆಯೂ ಗಮನಿಸಬೇಕಾದ ಸಂಗತಿ. ಟಿವಿ ಅನಿಮೆಯಲ್ಲಿ ಸೆಕೆಂಡಿಗೆ ಸಾಮಾನ್ಯವಾಗಿ ಎಂಟೋ ಹನ್ನೆರಡೋ ಬೇರೆ ಬೇರೆ ಚಿತ್ರಗಳು ಬೇಕಾಗುತ್ತವೆ, ಪ್ರತಿಯೊಂದನ್ನೂ ಕೈಯಿಂದ ಬಿಡಿಸಬೇಕು. ಆದ್ದರಿಂದ ಮೂಲದಲ್ಲಿ ಗೆರೆಗಳು ಹೆಚ್ಚಿದಷ್ಟೂ ಅನಿಮೆಯವರು ಅವನ್ನು ಬಿಡುತ್ತ ಹೋಗಬೇಕಾಗುತ್ತದೆ. ಕೆಂಟಾರೊ ಮಿಯುರಾ ಅವರ ‘ಬರ್ಸರ್ಕ್’ನಲ್ಲಿ ಕತ್ತಲೆಯೂ ಗೆರೆ, ಕಬ್ಬಿಣವೂ ಗೆರೆ. ಅದನ್ನು 2016ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ನೆಚ್ಚಿ ಟಿವಿಗೆ ತಂದಾಗ ಅಭಿಮಾನಿಗಳು ಎಷ್ಟು ನೊಂದುಕೊಂಡರೆಂಬುದು ಗೊತ್ತಿರುವ ವಿಷಯ. ಇದಕ್ಕೆ ತಿರುಗುಮುರುಗಾದದ್ದು ಅದೇ ವರ್ಷ ಬೋನ್ಸ್ ಸ್ಟುಡಿಯೊ ತಂದ ‘ಮಾಬ್ ಸೈಕೊ 100’. ಅದರ ಕರ್ತೃ ‘ಒನ್’ ಎಂಬ ಅಂಕಿತದಲ್ಲಿ ಬರೆಯುವವರು. ಕಥೆಯಲ್ಲಿ ಜಾಣ, ಚಿತ್ರದ ಕೈ ಒರಟು. ಅನಿಮೆಯವರು ಆ ಒರಟುತನವನ್ನು ತಿದ್ದಿ ಅಂದಗಾಣಿಸಲಿಲ್ಲ. ಆ ಸೊಟ್ಟ ಗೆರೆಯನ್ನೇ ಚಲನೆಯ ಕಸುವಾಗಿ ಮಾಡಿಕೊಂಡರು, ಗಾಜಿನ ಮೇಲೆ ಬಣ್ಣ ಬಳಿದು ಮಾಡಿದ ಅನಿಮೇಶನ್ನನ್ನೂ ಸೇರಿಸಿದರು. ಅಲ್ಲಿ ಗೆರೆ ಕಡಿಮೆಯಿದ್ದದ್ದೇ ಭಾಗ್ಯವಾಯಿತು.

ಇನ್ನು ಕಥೆಯೇ ಬದಲಾಗುವ ಪ್ರಶ್ನೆ. ವಾರಪತ್ರಿಕೆಗೋ ಮಾಸಪತ್ರಿಕೆಗೋ ಬರೆಯುವ ಮಂಗಾಕಾರನಿಗೆ ತಿರುಗಿ ನೋಡಲು ಬಿಡುವಿರುವುದಿಲ್ಲ, ಅಚ್ಚಾದದ್ದು ಅಚ್ಚಾಯಿತು. ಹಲವು ವರ್ಷಗಳ ನಂತರ ಬರುವ ಅನಿಮೆಗೆ ಮುಂದೇನಾಗುತ್ತದೆಂದು ಗೊತ್ತಿರುತ್ತದೆ. ಹಾಜಿಮೆ ಇಸಾಯಾಮ ಅವರ ‘ಅಟ್ಯಾಕ್ ಆನ್ ಟೈಟನ್’ ಮಂಗಾದಲ್ಲಿ, ನರಭಕ್ಷಕ ದೈತ್ಯರು ಊರಿನ ಗೋಡೆ ಒಡೆದ ಪ್ರಸಂಗವಾದ ಮೇಲೆ ಕಥೆ ನೇರವಾಗಿ ಸೈನಿಕ ತರಬೇತಿಯ ಕೊನೆಗೆ ಜಿಗಿಯುತ್ತದೆ, ತರಬೇತಿಯ ವರ್ಷಗಳು ಬಹಳ ಆಮೇಲೆ ನೆನಪಾಗಿ ಬರುತ್ತವೆ. 2013ರ ಅನಿಮೆ ಇದನ್ನು ಕಾಲಕ್ರಮದಲ್ಲಿ ಜೋಡಿಸಿತು. ಪರಿಣಾಮವಾಗಿ, ಮುಂದೆ ಸಾಯುವ ಹುಡುಗರು ಸಾಯುವ ಹೊತ್ತಿಗೆ ನಮಗೆ ಪರಿಚಿತರಾಗಿರುತ್ತಾರೆ. ಅದಕ್ಕಿಂತ ಕುತೂಹಲದ ಬದಲಾವಣೆ ಕೊನೆಯಲ್ಲಿದೆ. 2021ರ ಏಪ್ರಿಲ್‌ನಲ್ಲಿ ಮುಗಿದ ಮಂಗಾದಲ್ಲಿ, ಜಗತ್ತಿನ ಬಹುಭಾಗವನ್ನು ತುಳಿದುಹಾಕಿದ ಕಥಾನಾಯಕ ಏರೆನ್‌ಗೆ ಗೆಳೆಯ ಆರ್ಮಿನ್, ನಮಗಾಗಿ ನೀನು ಕೊಲೆಗಡುಕನಾದದ್ದಕ್ಕೆ ಕೃತಜ್ಞತೆ ಎಂಬರ್ಥದ ಮಾತನ್ನಾಡುತ್ತಾನೆ. ಅದನ್ನು ಓದಿ ಅನೇಕರು ಸಿಡಿಮಿಡಿಗೊಂಡರು. 2023ರ ನವೆಂಬರ್‌ನಲ್ಲಿ ಬಂದ ಅನಿಮೆಯ ಕೊನೆಯ ಕಂತಿಗಾಗಿ ಇಸಾಯಾಮ ಅವರೇ ಆ ಸಂಭಾಷಣೆಯನ್ನು ಹೊಸದಾಗಿ ಬರೆದುಕೊಟ್ಟರು. ಅಲ್ಲಿ ಆರ್ಮಿನ್ ಕೃತಜ್ಞತೆಯ ಜಾಗದಲ್ಲಿ ಪಾಪದ ಪಾಲನ್ನು ಹೊರುತ್ತಾನೆ, ನರಕವೆಂಬುದಿದ್ದರೆ ಅಲ್ಲಿ ನಾವಿಬ್ಬರೂ ಜೊತೆಯಲ್ಲೇ ಇರುತ್ತೇವೆ ಎನ್ನುತ್ತಾನೆ. ಕಥೆಯ ಗತಿ ಒಂದಿಷ್ಟೂ ಬದಲಾಗಿಲ್ಲ, ಅದರ ನೈತಿಕ ತೂಕ ಬದಲಾಗಿದೆ. ಇಲ್ಲಿ ಮೂಲ ಯಾವುದು, ರೂಪಾಂತರ ಯಾವುದು ಎಂಬ ಗೆರೆಯೇ ಅಳಿಸಿಹೋಗುತ್ತದೆ, ಏಕೆಂದರೆ ತಿದ್ದಿದ ಕೈ ಬರೆದ ಕೈಯೇ.

ವಿಸ್ತರಣೆಯೆಲ್ಲ ಸುಧಾರಣೆಯಲ್ಲ ಎಂಬುದಕ್ಕೆ ‘ನರುಟೊ’ ಸಾಕು. 220 ಕಂತುಗಳ ಆ ಮೊದಲ ಸರಣಿಯಲ್ಲಿ ಅನಿಮೆ ಮಂಗಾವನ್ನು ಬೆನ್ನಟ್ಟಿ ಹಿಡಿದುಬಿಟ್ಟಿದ್ದರಿಂದ, ಕೊನೆಯ ಎಂಬತ್ತಕ್ಕೂ ಹೆಚ್ಚು ಕಂತುಗಳು ಬಹುಮಟ್ಟಿಗೆ ಮಂಗಾದಲ್ಲಿಲ್ಲದ, ಹೊತ್ತು ಕಳೆಯಲು ಹೆಣೆದ ಕಥೆಗಳು.

ಈಗ ನಿಮ್ಮ ‘ಡೀಮನ್ ಸ್ಲೇಯರ್’ಗೆ ಬರೋಣ. ಕೊಯೊಹಾರು ಗೊತೊಗೆ ಅವರ ಈ ಮಂಗಾ 2016ರಿಂದ 2020ರವರೆಗೆ ಪ್ರಕಟವಾಗಿ 23 ಸಂಪುಟಗಳಾಯಿತು. ಯೂಫೊಟೇಬಲ್ ಸ್ಟುಡಿಯೊದ ಅನಿಮೆ 2019ರಲ್ಲಿ ಬಂತು. ಅದರ 19ನೆಯ ಕಂತು ನಿಮಗೆ ನೆನಪಿರಬಹುದು. ರೂಯಿ ಎಂಬ ರಾಕ್ಷಸನ ನೂಲುಗಳ ನಡುವೆ ಸಿಕ್ಕಿಬಿದ್ದ ಕಥಾನಾಯಕ ತಾಂಜಿರೊ ಹಿಮದಲ್ಲಿ ಕುಣಿಯುತ್ತಿದ್ದ ತಂದೆಯನ್ನು ನೆನೆದು ನೀರಿನ ವರಸೆಯನ್ನು ಬಿಟ್ಟು ಬೆಂಕಿಯ ವರಸೆಗೆ ಹೊರಳುತ್ತಾನೆ, ಕಾಳಗ ತುತ್ತತುದಿಗೇರುವಾಗಲೇ ಹಾಡೊಂದು ಶುರುವಾಗಿ ಕಂತಿನ ಕೊನೆಯ ಹೆಸರುಪಟ್ಟಿಯವರೆಗೂ ಮುಂದುವರಿಯುತ್ತದೆ. ನೀವು ಮಂಗಾದಲ್ಲಿ ಹುಡುಕಿ ನಿರಾಶರಾದದ್ದು ಬಹುಶಃ ಆ ಹಾಡನ್ನು. ಆದರೆ ಅಲೆಗಳನ್ನು ಹಳೆಯ ಜಪಾನೀ ಮರದಚ್ಚಿನ ಚಿತ್ರಗಳ ಹಾಗೆ ಸುರುಳಿ ಸುರುಳಿಯಾಗಿ ಬಿಡಿಸುವ ಉಪಾಯ ಗೊತೊಗೆ ಅವರ ಪುಟಗಳಲ್ಲಿ ಮೊದಲೇ ಇತ್ತು, ಯೂಫೊಟೇಬಲ್ ಅದಕ್ಕೆ ಬಣ್ಣ ಮತ್ತು ವೇಗವನ್ನು ಕೊಟ್ಟಿತು. ತಾಂಜಿರೊನ ತಂಗಿ ನೆಝುಕೊಳ ಎಚ್ಚರವೂ ತಂದೆಯ ನೆನಪೂ ಅಲ್ಲಿನವೇ. ಆ ಅಧ್ಯಾಯಗಳನ್ನು ಹಾಡನ್ನು ಮರೆತು ಮತ್ತೊಮ್ಮೆ ಓದಿ ನೋಡಿ. ಹುಡುಗ ಸೋಲುವ ಹಂತದಲ್ಲಿದ್ದಾಗ ಚೌಕಗಳು ಹೇಗೆ ಇಕ್ಕಟ್ಟಾಗುತ್ತವೆ, ಹೊರಳುವ ಗಳಿಗೆಯಲ್ಲಿ ಹೇಗೆ ಬಿಚ್ಚಿಕೊಳ್ಳುತ್ತವೆ ಎಂಬುದನ್ನು ಗಮನಿಸಿದರೆ ನಿಮಗೆ ಬೇರೆಯೇ ಒಂದು ಲಯ ಸಿಕ್ಕೀತು.

ಸಾಯ್ತೊ ಅವರ ಎರಡು ಕೃತಿಗಳ ಮಟ್ಟಿಗೆ, ಸುಧಾರಣೆಯಲ್ಲಿ ಎಷ್ಟು ಪಾಲು ನಿರ್ದೇಶಕನದು ಎಂಬುದನ್ನು ಅಳೆಯಲು ಒಂದು ಅವಕಾಶವೂ ಒದಗಿದೆ. 2026ರ ಜನವರಿಯಲ್ಲಿ ಆರಂಭವಾದ ‘ಫ್ರೀರೆನ್’ ಎರಡನೆಯ ಸರಣಿಯ ನಿರ್ದೇಶನ ತೊಮೊಯಾ ಕಿತಾಗಾವಾ ಅವರದು. ‘ಬೋಚ್ಚಿ’ಯ ಎರಡನೆಯ ಸರಣಿಯೂ ಘೋಷಣೆಯಾಗಿದ್ದು, ಅದರ ಹೊಣೆಯೂ ಬೇರೆಯವರ ಕೈಗೆ ಹೋಗಿದೆ. ಮಂಗಾಗಳು ಅವೇ, ಸ್ಟುಡಿಯೊಗಳೂ ಅವೇ, ಸೆಕೆಂಡುಗಳನ್ನು ಎಣಿಸುವವರು ಮಾತ್ರ ಬೇರೆ.